ಪಿನ್‌ಕೋಡ್ ಸವಿಯುವ ಬಗೆ: ಸಂಖ್ಯಾರಸಿಕರಿಗೊಂದು ಕೈಪಿಡಿ

ಬೀದರ್ 585401, ಭಾಲ್ಕಿ 585328, ಔರಾದ್ 585326. ಟಪಾಲು ವಿಂಗಡಿಸುವವರ ಅನುಕೂಲಕ್ಕೆಂದು 1972ರ ಆಗಸ್ಟ್ 15ರಂದು ಬಂದದ್ದು ಪಿನ್‌ಕೋಡ್. ಅಂಚೆಯವರಿಗೆ ಮೂರೂ ಒಂದೇ 585ರ ಮನೆಯವು. ಆದರೆ ಒಡೆದು ನೋಡಿದರೆ ಸ್ವಭಾವ ಮೂರು ಬಗೆ. ದೊಡ್ಡ ಸಂಖ್ಯೆಯ ರುಚಿ ಇರುವುದು ಅದರ ಅಪವರ್ತನಗಳಲ್ಲಿ.

ಮೊದಲು ಅದೃಷ್ಟದ ಮಾತು ಬಿಡಿ. ಬೀದರಿನ ಅಂಕಿಗಳನ್ನು ಕೂಡಿಸಿದರೆ 23. ಅದರಿಂದ ತಿಳಿಯುವುದಿಷ್ಟೇ: ಈ ಸಂಖ್ಯೆ ಮೂರರಿಂದ ಭಾಗವಾಗದು.

ಆಮೇಲೆ ಕತ್ತರಿಸಿ. ಭಾಲ್ಕಿಯದರಲ್ಲಿ ಕೊನೆಯ ನಾಲ್ಕಂಕಿ ಸಾಕು. 10000 ಹೇಗೂ 16ರಿಂದ ಭಾಗವಾಗುತ್ತದೆ. 5328 ಎಂದರೆ 16 × 333. ಹಾಗಾಗಿ 585328 = 2 × 2 × 2 × 2 × 36583. ಎರಡು ನಾಲ್ಕು ಸಲ ಬಂತು.

ಔರಾದಿನದನ್ನು ನಡುವೆ ತುಂಡರಿಸಿ, 585ರಲ್ಲಿ 326 ಕಳೆಯಿರಿ. ಉಳಿದ 259 ಏಳರಿಂದ ಭಾಗವಾಗುತ್ತದೆ. 1001 = 7 × 11 × 13 ಆದ್ದರಿಂದ ಇಡೀ ಸಂಖ್ಯೆಯೂ ಭಾಗವಾಗಲೇಬೇಕು. 585326 = 2 × 7 × 41809; ಯಾವ ಅವಿಭಾಜ್ಯವೂ ಮರುಕಳಿಸಿಲ್ಲ.

ಬೀದರ್ ಹಟಮಾರಿ. 131ರವರೆಗಿನ ಒಂದು ಅವಿಭಾಜ್ಯಕ್ಕೂ ಮಣಿಯದು. 5401ರಲ್ಲಿ 58 ಕಳೆಯಿರಿ: 5343, ಅಂದರೆ 137 × 39. 73 × 137 = 10001 ಆಗಿರುವುದರಿಂದ ಈ ಉಪಾಯ ನಡೆಯುತ್ತದೆ. ಕೊನೆಗೆ 585401 = 137 × 4273, ಎರಡೇ ಅವಿಭಾಜ್ಯ.

ಹಳೆಯ ನಂಟು ಹುಡುಕಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಪೋಣಿಸಿದ. ಅವುಗಳಲ್ಲೊಂದು 152207 × 73 = 11111111. ಆ 152207ನ್ನು ಒಡೆಯಿರಿ: 11 × 101 × 137. ಬೀದರಿನ 137 ಅಲ್ಲೂ ಇದೆ!

ಕಡೆಗೆ ವರ್ಗಗಳಲ್ಲಿ ಬರೆಯಿರಿ. 137 = 11² + 4², 4273 = 57² + 32². ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ ಎಂಬುದು 628ರಲ್ಲಿ ಬ್ರಹ್ಮಗುಪ್ತ ಬರೆದ ಸೂತ್ರದಿಂದ ಬರುತ್ತದೆ. ಅದನ್ನು ಹಿಡಿದರೆ ಬೀದರಿಗೆ ಎರಡು ರೂಪ:

585401 = 755² + 124²
585401 = 499² + 580²

ಭಾಲ್ಕಿ, ಔರಾದಿಗೆ ಒಂದೂ ಇಲ್ಲ. ಎಷ್ಟು ತಡಕಾಡಿದರೂ ಸಿಗದು. ನಾಲ್ಕರಿಂದ ಭಾಗಿಸಿದಾಗ ಮೂರು ಶೇಷ ಉಳಿಸುವ ಅವಿಭಾಜ್ಯ ಬೆಸಸಲ ಬಂದರೆ ಆ ದಾರಿ ಮುಚ್ಚಿತು. ಭಾಲ್ಕಿಯಲ್ಲಿ 36583, ಔರಾದಿನಲ್ಲಿ 7 ಅಂಥವೇ, ಒಂದೊಂದೇ ಸಲ ಬಂದಿವೆ.

ಹುಮನಾಬಾದಿನ 585330 ನಿಮ್ಮ ಪಾಲಿಗೆ. ಒಳಗೆ ಐದು ಅವಿಭಾಜ್ಯಗಳಿವೆ. ಮೂರು ನೋಡುತ್ತಲೇ ಸಿಗುತ್ತವೆ. ಉಳಿದೆರಡೂ ನೂರು-ಇನ್ನೂರರ ನಡುವೆ ಇವೆ.