ಜನ್ಮಜಾತ ಹೃದ್ರೋಗದ ವಯೋಗಣನೆ: ಒಂದು ಆಕ್ಷೇಪ

ಕೆನಡಾದ ವಿದುಷಿ ಮಾಡ್ ಆಬಟ್ 1936ರ ತಮ್ಮ ಗ್ರಂಥದಲ್ಲಿ ಸಾವಿರ ಜನ್ಮಜಾತ ಹೃದ್ರೋಗಿಗಳ ವೃತ್ತಾಂತವನ್ನು ವಿಂಗಡಿಸಿದರು. ಗ್ರಂಥ ಮಹತ್ತರವಾದುದು, ಆದರೆ ಅದರ ಆಧಾರ ಬಹುಮಟ್ಟಿಗೆ ಶವಪರೀಕ್ಷೆ. ಈ ಲೇಖಕನು ವೈದ್ಯನಲ್ಲ, ಆಕರವಿಮರ್ಶೆಯಷ್ಟೇ ಅವನ ಅಧಿಕಾರ. ಆದರೂ ಕೇಳಲೇಬೇಕು: ಶವಪರೀಕ್ಷೆಗೆ ಒಳಗಾಗದವರ ಲೆಕ್ಕವೆಲ್ಲಿ?

ವಯಸ್ಸಿನೊಡನೆ ರೋಗದ ಮುಖವೇ ಬದಲಾಗುತ್ತದೆ. ಹೃತ್ಕುಕ್ಷಿಗಳ ನಡುವಣ ದೊಡ್ಡ ರಂಧ್ರವು ಎರಡು ತಿಂಗಳ ಕೂಸಿನಲ್ಲಿ ಏದುಸಿರಾಗಿ, ಹಾಲುಣ್ಣುವಾಗಿನ ಬೆವರಾಗಿ ತೋರುತ್ತದೆ. ಮುಚ್ಚದೆ ಉಳಿದರೆ ಶ್ವಾಸಕೋಶದ ನಾಳಗಳು ಪೆಡಸಾಗಿ, ರಕ್ತದ ಹರಿವು ತಿರುಗಿ, ಮುಂದೆ ತುಟಿ ನೀಲಿಗಟ್ಟುತ್ತದೆ. 1897ರಲ್ಲಿ ಐಸೆನ್‌ಮೆಂಗರ್ ವರ್ಣಿಸಿದ ರೋಗಿಗೆ 32 ವರ್ಷ. ಆ ಹಂತದಲ್ಲಿ ರಂಧ್ರವನ್ನು ಮುಚ್ಚುವುದೇ ಅಪಾಯ. ಹೃತ್ಕರ್ಣಗಳ ನಡುವಣ ರಂಧ್ರವಾದರೋ ನಲವತ್ತರವರೆಗೂ ಮೌನವಾಗಿದ್ದು, ಬಳಿಕ ನಾಡಿಯ ಏರುಪೇರಾಗಿ ಪ್ರಕಟವಾಗಬಹುದು. ವಯಸ್ಕರಲ್ಲಿ ಅದೇ ಹೆಚ್ಚಾಗಿ ಕಾಣುವುದಕ್ಕೆ ಮುಖ್ಯ ಕಾರಣ, ಅದನ್ನು ಹೊತ್ತವರು ಬದುಕಿ ಉಳಿದುದು.

ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯಲ್ಲಿ ಒಂದು ಸಲ ಮಕ್ಕಳ ತಪಾಸಣೆಗೆ ಏರ್ಪಾಡು ಮಾಡಿದೆ. 18ಕ್ಕೆ ಅದರ ಎಲ್ಲೆ. ಕೊಯ್ಲಿಗೆ ಬಂದು, ಕೊಯ್ಲು ಮುಗಿದೊಡನೆ ಮರಳುವ ಕೂಲಿಯವರ ಮಗುವು ಯಾವ ಊರಿನ ಪಟ್ಟಿಯಲ್ಲಿದೆ? ಹತ್ತೊಂಬತ್ತರ ಹೆಣ್ಣುಮಗಳು ಗುಡ್ಡವೇರುವಾಗ ಏದುಸಿರೆಂದರೆ, ರಕ್ತಹೀನತೆಯೆಂದು ಬರೆದು ಕಳುಹಿಸಿದರೆ ಸಾಕೆ? ಐಸೆನ್‌ಮೆಂಗರ್ ಸ್ಥಿತಿಯಲ್ಲಿ ಗರ್ಭವು ತಾಯಿಯ ಪ್ರಾಣಕ್ಕೇ ಎರವಾಗಬಲ್ಲುದು. ಆಕೆಯ ಸಾವು ಬರಿಯ ಹೆರಿಗೆಯ ಸಾವೆಂದು ದಾಖಲಾದರೆ, ಹೃದ್ರೋಗದ ಕೋಷ್ಟಕದಲ್ಲಿ ಆಕೆಗೆ ಯಾವ ವಯಸ್ಸಿನಲ್ಲೂ ಸ್ಥಾನವಿಲ್ಲ.