ಕಲ್ಪಿತ ಕುಂಬಾರನೂ ನಿಜದ ಕುಂಬಾರರೂ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆಯೇ ಹೊರತು ಮಾಡಿದವನ ಹೆಸರನ್ನು ಕೇಳುವುದಿಲ್ಲ. ಅದೇ ಮಣ್ಣು ಕಲಾಭವನದ ಗಾಜಿನ ಪೆಟ್ಟಿಗೆಯೊಳಗೆ ಬಂದು ಕುಳಿತರೆ ಹೆಸರೇ ಮೊದಲು, ಪಾತ್ರೆ ಆಮೇಲೆ. ಈ ವೈಪರೀತ್ಯವನ್ನು ಎತ್ತಿ ತೋರಿಸುವುದಕ್ಕಾಗಿ ಕಲಾವಿದನಾದವನು ಸುಳ್ಳು ಹೇಳಬಹುದೇ? ಅಮೆರಿಕದ ಚಿಕಾಗೋ ನಗರದ ಥಿಯಾಸ್ಟರ್ ಗೇಟ್ಸ್ ಅವರ ಉದಯಕಾಲದ ಕೃತಿಗಳನ್ನು ಕುರಿತು ಬರೆಯುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

1973ರಲ್ಲಿ ಜನಿಸಿದ ಗೇಟ್ಸ್ ಮನೆಗಳಿಗೆ ಮಾಡು ಹೊದಿಸುವ ಕೆಲಸಗಾರರೊಬ್ಬರ ಮಗ. ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಗರಯೋಜನೆಯನ್ನೂ ಕುಂಬಾರಿಕೆಯನ್ನೂ ಅಭ್ಯಾಸ ಮಾಡಿದರು. ಜಪಾನಿನ ಪ್ರಾಚೀನ ಕುಂಬಾರಿಕೆಯ ಊರಾದ ತೊಕೊನಾಮೆಯಲ್ಲಿ ತಿಗರಿಯ ಮುಂದೆ ಕುಳಿತು ಕಲಿತರು. ಆದರೆ ಊರಿಗೆ ಮರಳಿದ ಕಪ್ಪು ತರುಣನ ಬಟ್ಟಲುಗಳತ್ತ ಕಲಾಲೋಕ ಕಣ್ಣೆತ್ತಿ ನೋಡಲಿಲ್ಲ.

2007ರಲ್ಲಿ ಚಿಕಾಗೋದ ಹೈಡ್ ಪಾರ್ಕ್ ಕಲಾಕೇಂದ್ರದಲ್ಲಿ ಅವರು ‘ಪ್ಲೇಟ್ ಕನ್ವರ್ಜೆನ್ಸ್’, ಎಂದರೆ ತಟ್ಟೆಗಳ ಸಂಗಮ, ಎಂಬ ಪ್ರದರ್ಶನವನ್ನು ಏರ್ಪಡಿಸಿದರು. ಅದರ ಹಿಂದೆ ಒಂದು ಕಥೆಯಿತ್ತು. ಯಾಮಾಗುಚಿ ಎಂಬ ಜಪಾನೀ ಕುಂಬಾರ ತನ್ನ ನಾಡನ್ನು ತೊರೆದು ಮಿಸಿಸಿಪಿಗೆ ಬಂದು ನೆಲೆಸಿದನಂತೆ. ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಪ್ಪು ಮಹಿಳೆಯನ್ನು ವರಿಸಿ, ಅವಳ ಜನರ ಅಡುಗೆಗೆ ಒಪ್ಪುವ ತಟ್ಟೆಗಳನ್ನು ಮಾಡಿದನಂತೆ. ಬೇರೆ ಬೇರೆ ಬಣ್ಣದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುತ್ತಿದ್ದನಂತೆ. ಅತಿಥಿಗಳು ಬಂದರು, ಉಂಡರು, ಆ ಮಹನೀಯನ ಮಗನೊಡನೆ ಮಾತನಾಡಿದರು. ಯಾಮಾಗುಚಿ ಎಂಬವನು ಎಂದೂ ಇರಲಿಲ್ಲ. ತಟ್ಟೆಗಳು ಗೇಟ್ಸ್ ಅವರವೇ. ಮಗನೆಂದು ಬಂದವನು ಒಬ್ಬ ನಟ.

ಕಲ್ಪನೆಯ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ದೂರದೇಶದ ಗುರುವಿನ ಹೆಸರು ಅಂಟಿದೊಡನೆ ಅದೇ ಮಣ್ಣಿಗೆ ಗೌರವ ದೊರೆಯಿತೆಂದರೆ, ನಾಚಬೇಕಾದವರು ನೋಡಿದವರೇ ಹೊರತು ಮಾಡಿದವರಲ್ಲ ಎಂಬ ವಾದದಲ್ಲಿ ತಿರುಳಿದೆ. ಆದರೂ ಒಂದು ಮಾತು. ನಾಟಕಕ್ಕೆ ಹೋದವನಿಗೆ ತಾನು ನಾಟಕಕ್ಕೆ ಬಂದಿದ್ದೇನೆಂಬ ಅರಿವಿರುತ್ತದೆ. ಊಟಕ್ಕೆ ಬಂದವನಿಗೆ ಆ ಅರಿವಿಲ್ಲ. ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬುದಕ್ಕೇ ಮನಸ್ಸುಗಳು ಮುರಿದಿರುವ ನಾಡಿನವರಾದ ನಮಗೆ, ಎಲೆಯ ಮುಂದೆ ಕುಳಿತವನ ನಂಬಿಕೆ ಎಷ್ಟು ನಾಜೂಕಿನದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ನಿಜವಾಗಿ ಬಾಳಿದ ಕುಂಬಾರರ ಹೆಸರುಗಳೇ ಅಳಿಸಿಹೋಗಿರುವ ಚರಿತ್ರೆಯೊಳಕ್ಕೆ ಬಾಳದ ಕುಂಬಾರನೊಬ್ಬನನ್ನು ತಂದು ಕೂರಿಸುವುದು ಎಷ್ಟರಮಟ್ಟಿಗೆ ನ್ಯಾಯ?

ಇದಕ್ಕೆ ಉತ್ತರ ಅವರ ಮುಂದಿನ ಕೃತಿಯಲ್ಲೇ ಇದೆಯೆಂದು ನಮಗೆ ತೋರುತ್ತದೆ. 2010ರಲ್ಲಿ ಮಿಲ್ವಾಕಿ ಕಲಾ ವಸ್ತುಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದ ಕೇಂದ್ರವ್ಯಕ್ತಿ ಡೇವ್ ಎಂಬ ಕುಂಬಾರ. ಈತ ಕಲ್ಪಿತನಲ್ಲ. ದಕ್ಷಿಣ ಕ್ಯಾರೊಲೈನಾದ ಎಜ್‌ಫೀಲ್ಡ್ ಪ್ರದೇಶದಲ್ಲಿ ಗುಲಾಮನಾಗಿ ದುಡಿದು, ಬಿಡುಗಡೆಯ ನಂತರ ಡೇವಿಡ್ ಡ್ರೇಕ್ ಎನಿಸಿಕೊಂಡವನು. ಗುಲಾಮರಿಗೆ ಅಕ್ಷರ ಕಲಿಸಕೂಡದೆಂದು ಆ ರಾಜ್ಯ 1834ರಲ್ಲಿ ಶಾಸನ ಮಾಡಿತು. ಅದೇ 1834ರ ತಾರೀಖನ್ನು ಹೊತ್ತ ಜಾಡಿಯೊಂದರ ಮೇಲೆ ಡೇವ್ ಹಸಿಮಣ್ಣಿನಲ್ಲಿ ಎರಡು ಸಾಲಿನ ಪದ್ಯ ಕೊರೆದಿದ್ದಾನೆ. ಮುಂದೆಯೂ ಹಲವು ಜಾಡಿಗಳ ಮೇಲೆ ಪದ್ಯಗಳನ್ನೂ ತನ್ನ ಹೆಸರನ್ನೂ ಬರೆದ. 1859ರಲ್ಲಿ ಬ್ಯಾಡ್ಲರ್ ಎಂಬ ಮತ್ತೊಬ್ಬ ಗುಲಾಮನೊಡನೆ ಕೂಡಿ ಎಬ್ಬಿಸಿದ ಜಾಡಿ ಸುಮಾರು 150 ಲೀಟರು ಹಿಡಿಯುತ್ತದೆ. ಅಷ್ಟು ಹಸಿಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯದಂತೆ ಹಂತಹಂತವಾಗಿ ಗೋಡೆ ಏರಿಸುವುದು ಎಂಥ ಪರಿಣತಿಯೆಂಬುದನ್ನು ಮಣ್ಣು ಮುಟ್ಟಿದವರು ಬಲ್ಲರು. ಜಾಡಿ ಒಡೆಯನದು, ಮಣ್ಣು ಒಡೆಯನದು, ಮಾಡಿದ ಕೈಗಳೂ ಕಾನೂನಿನ ಲೆಕ್ಕದಲ್ಲಿ ಒಡೆಯನವೇ. ಅಕ್ಷರ ಮಾತ್ರ ಡೇವನದು.

ಗೇಟ್ಸ್ ಆ ಪದ್ಯಗಳಿಗೆ ರಾಗ ಕೂಡಿಸಿ, ಕ್ರೈಸ್ತ ದೇವಾಲಯಗಳಲ್ಲಿ ಹಾಡುವ ಗಾಯಕವೃಂದದಿಂದ ಹಾಡಿಸಿದರು. ಇಲ್ಲಿಯೂ ಕಲ್ಪನೆಯಿದೆ, ಆದರೆ ಅದು ತಾನು ಕಲ್ಪನೆಯೆಂದು ಹೇಳಿಕೊಂಡೇ ಬರುತ್ತದೆ. ಯಾರೂ ಮೋಸಹೋಗಬೇಕಾಗಿಲ್ಲ. ತಟ್ಟೆಗಳ ಸಂಗಮಕ್ಕಿಂತ ಇದು ಹಿರಿದಾದ ಕೃತಿಯೆಂದು ನಾವು ಭಾವಿಸಲು ಕಾರಣವಿಷ್ಟೆ.

ಸಮುದಾಯದ ನಡುವೆ ಅವರು ಮಾಡಿದ ಕೆಲಸವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಚಿಕಾಗೋದ ದಕ್ಷಿಣ ಭಾಗದಲ್ಲಿ, 1923ರಲ್ಲಿ ಕಟ್ಟಿ ಬಹುಕಾಲ ಪಾಳುಬಿದ್ದಿದ್ದ ಬ್ಯಾಂಕ್ ಕಟ್ಟಡವೊಂದನ್ನು ನಗರಾಡಳಿತದಿಂದ ಒಂದು ಡಾಲರಿಗೆ ಪಡೆದರು. ಶೌಚಾಲಯದ ಅಮೃತಶಿಲೆಯ ಹಲಗೆಗಳನ್ನು ಕತ್ತರಿಸಿ, ಒಂದೊಂದನ್ನೂ ‘ಬಾಂಡ್’ ಎಂದು ಕರೆದು 5,000 ಡಾಲರಿಗೆ ಮಾರಿ, ಆ ಹಣವನ್ನು ಜೀರ್ಣೋದ್ಧಾರಕ್ಕೆ ತೊಡಗಿಸಿದರು. ಶೌಚಾಲಯದ ಕಲ್ಲೆಂದು ತಿಳಿದೇ ಧನಿಕರು ಕೊಂಡರು! ನಗು ಬರುತ್ತದೆ, ಆದರೆ ವಂಚನೆಯಿಲ್ಲ. 2015ರಲ್ಲಿ ತೆರೆದ ಆ ಕಟ್ಟಡದಲ್ಲಿ, ಚಿಕಾಗೋ ವಿಶ್ವವಿದ್ಯಾಲಯ ಕಲಾಚರಿತ್ರೆಯ ಪಾಠಕ್ಕೆ ಬಳಸಿ ಬದಿಗಿಟ್ಟಿದ್ದ ಸುಮಾರು 60,000 ಗಾಜಿನ ಸ್ಲೈಡುಗಳಿವೆ. ಪಂಡಿತರ ಕೊಠಡಿಯ ಚರಿತ್ರೆ ಕಪ್ಪುಜನರ ಬೀದಿಗೆ ಬಂದದ್ದು ಸಣ್ಣ ಮಾತಲ್ಲ. ಬೀದಿ ಚೆನ್ನಾದಂತೆ ಅಲ್ಲಿನ ಬಡವರಿಗೆ ಮನೆಬಾಡಿಗೆ ನಿಲುಕದೆ ಹೋದರೆ ಏನು ಮಾಡಬೇಕೆಂಬ ಪ್ರಶ್ನೆಯಿದೆ. ಅದನ್ನು ಸ್ಲೈಡುಗಳು ಬಿಡಿಸಲಾರವು.

2024ರಲ್ಲಿ ಟೋಕಿಯೋದ ಮೋರಿ ಕಲಾ ವಸ್ತುಸಂಗ್ರಹಾಲಯದಲ್ಲಿ ಅವರ ಬೃಹತ್ ಪ್ರದರ್ಶನ ನಡೆಯಿತು. ಅಲ್ಲಿ ಸಾಲುಸಾಲಾಗಿ ಜೋಡಿಸಿದ್ದ ಸುಮಾರು 20,000 ಪಾತ್ರೆಗಳು ಗೇಟ್ಸ್ ಅವರವಲ್ಲ, ಯಾಮಾಗುಚಿಯವೂ ಅಲ್ಲ. 2022ರಲ್ಲಿ ತೀರಿಕೊಂಡ ತೊಕೊನಾಮೆಯ ಕುಂಬಾರ ಕೊಯಿದೆ ಯೋಶಿಹಿರೊ ಬಿಟ್ಟುಹೋದ ಅವುಗಳನ್ನು ಗೇಟ್ಸ್ ಒಟ್ಟಾಗಿ ಪಡೆದುಕೊಂಡು, ಆ ಕುಂಬಾರನ ಹೆಸರಿನಲ್ಲೇ ಇರಿಸಿದ್ದರು.