ಬಲಂ ದೊರೆಯನ್ನು ಸೋಲಿಸಿದ್ದು ಯಾರು?

ಕಾಡಿನವನನ್ನು ಕಾಡಿನೊಳಗೆ ಗೆಲ್ಲಲಾಗದು ಎನ್ನುವವರು ಮೊದಲು ಕೊಡುವ ಸಾಕ್ಷಿ ಜರ್ಮನಿಯ ಟ್ಯೂಟೊಬರ್ಗ್ ಕಾಡು. ಕ್ರಿ.ಶ. 9ರಲ್ಲಿ ರೋಮನ್ ಸೇನಾನಿ ವಾರಸ್ ಅಲ್ಲಿ ಮೂರು ಲೀಜನ್ ಸೇನಾದಳಗಳನ್ನು ಕಳೆದುಕೊಂಡ. ಆದರೆ ಅವನನ್ನು ಮುಗಿಸಿದ್ದು ಮರಗಳಲ್ಲ. ರೋಮನ್ ಸೇನೆಯಲ್ಲೇ ಪಳಗಿದ್ದ ಜರ್ಮನ್ ನಾಯಕ ಆರ್ಮಿನಿಯಸ್ ಶತ್ರು ಯಾವ ದಾರಿ ಹಿಡಿಯಬೇಕು, ಯಾವಾಗ ಹೊಡೆತ ತಿನ್ನಬೇಕು ಎಂಬುದನ್ನು ತಾನೇ ಗೊತ್ತುಮಾಡಿದ. ಸಾಮಾನಿನ ಬಂಡಿಗಳ ನಡುವೆ ಉದ್ದಕ್ಕೆ ಚದುರಿದ್ದ ಸೈನಿಕರಿಗೆ ಸಾಲುಗಟ್ಟಲೂ ಜಾಗ ಸಿಗಲಿಲ್ಲ. ದಾರಿ ಯಾರ ಕೈಯಲ್ಲಿತ್ತೋ ಕಾಡು ಅವನದಾಯಿತು. ಸಕಲೇಶಪುರದಾಚೆ ಘಟ್ಟದಂಚಿನ ಬಲಂ ಸೀಮೆಯಲ್ಲಿ 1802ರಲ್ಲಿ ನಡೆದದ್ದೂ ಇದನ್ನೇ ಹೇಳುತ್ತದೆ, ಫಲಿತಾಂಶ ಮಾತ್ರ ತಿರುಗುಮುರುಗು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಲಂ ದೊರೆ, ಐಗೂರಿನ ಪಾಳೆಗಾರ ವೆಂಕಟಾದ್ರಿ ನಾಯಕ ಯಾರಿಗೂ ತಲೆಬಾಗಲು ಒಪ್ಪಲಿಲ್ಲ. ದಟ್ಟ ಕಾಡಿನ ನಡುವೆ, ತಡೆಗಳ ಹಿಂದೆ ಅವನ ಅರಕೆರೆಯ ನೆಲೆಯಿತ್ತು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ದಾಳಿ ಅಲ್ಲಿ ಹಿಮ್ಮೆಟ್ಟಿತು. ಹೆಚ್ಚಿನ ಬಲದೊಡನೆ ಬಂದ ಕಂಪನಿಯ ಸೇನಾನಿ ಮಾಂಟ್ರೆಸರ್ ನೆಲೆಯನ್ನು ಹಿಡಿದ, ದೊರೆಯನ್ನು ಹಿಡಿಯಲಿಲ್ಲ. ಪಡೆ ಬೆನ್ನು ತಿರುಗಿಸಿದ್ದೇ ತಡ, ದೊರೆ ಮತ್ತೆ ಬಂದು ಕೂತ. 1802ರ ಜನವರಿ 16ರಂದು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮೂರು ಕಡೆಯಿಂದ ಏಕಕಾಲಕ್ಕೆ ನುಗ್ಗಿದ. ಅರಕೆರೆ ಬಿತ್ತು, ದೊರೆ ಮತ್ತೆ ತಪ್ಪಿಸಿಕೊಂಡ. ನನ್ನ ಪ್ರಕಾರ ನಿಜವಾದ ಯುದ್ಧ ಶುರುವಾದದ್ದೇ ಆಮೇಲೆ. ವೆಲ್ಲೆಸ್ಲಿ ಹಿಂದಿರುಗಲಿಲ್ಲ. ಕಾಡು ಕಡಿಸಿ ದಾರಿ ಮಾಡಿಸಿದ, ಊರುಗಳ ಕಾವಲು ತಡೆಗಳನ್ನು ಕೆಡವಿಸಿದ, ಕುದುರೆ ಸವಾರರನ್ನು ಬಯಲಿನ ಹಳ್ಳಿಗಳಲ್ಲಿ ನಿಲ್ಲಿಸಿದ. ತಿಂಗಳನ್ನೂ ಗಮನಿಸಬೇಕು. ಜನವರಿಗೆ ಮಲೆನಾಡಿನಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ: ಒಣಗಿದ ಗದ್ದೆಯಲ್ಲಿ ಕುದುರೆ ಓಡುತ್ತದೆ, ಕಾಳೆಲ್ಲ ಊರಿನ ಕಣಜದಲ್ಲಿರುತ್ತದೆ. ಕಾಡಿನಲ್ಲಿ ಅಡಗಿದವನು ಅಕ್ಕಿಗಾಗಿ ಊರಿನ ಮುಖ ನೋಡಲೇಬೇಕು. ಫೆಬ್ರವರಿ 9ರಂದು ದೊರೆ ಸಿಕ್ಕಿಬಿದ್ದ, ಮರುದಿನವೇ ಗಲ್ಲಿಗೇರಿಸಿದರು. ವೆಲ್ಲೆಸ್ಲಿಯ ಅವಸರ ನನಗೆ ಹಿಡಿಸದು, ಅವನ ಲೆಕ್ಕಾಚಾರವನ್ನು ಮಾತ್ರ ಒಪ್ಪಲೇಬೇಕು.

ತೋಪು, ಕವಾಯತಿನ ಸಿಪಾಯಿಗಳು ಇದ್ದಮೇಲೆ ಗೆಲುವಿನಲ್ಲೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಅಂಥ ಸಿಪಾಯಿಗಳು 1800ರಲ್ಲೂ ಇದ್ದರಲ್ಲ! ಎರಡು ವರ್ಷದಲ್ಲಿ ಬದಲಾದದ್ದು ಆಯುಧವಲ್ಲ, ಸೇನಾನಿಯ ಗುರಿ. ಹಾಗಾದರೆ ಆರ್ಮಿನಿಯಸ್‌ಗೆ ಆದದ್ದು ವೆಂಕಟಾದ್ರಿಗೆ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಇನ್ನೂ ತೂಕದ್ದು. ಆರ್ಮಿನಿಯಸ್ ಯಾವ ನೆಲೆಯನ್ನೂ ಕಾಯುತ್ತ ಕೂರಲಿಲ್ಲ, ನಡೆಯುತ್ತಿದ್ದ ಸೇನೆಯ ಮೇಲೆ ಬಿದ್ದ. ವೆಂಕಟಾದ್ರಿ ಬೇಲಿ ಕಟ್ಟಿ ಕಾದ. ಎಲ್ಲಿ ಹೊಡೆಯಬೇಕು, ಎಂದು ಹೊಡೆಯಬೇಕು ಎಂಬ ಆಯ್ಕೆಯನ್ನು ಶತ್ರುವಿಗೇ ಬಿಟ್ಟುಕೊಟ್ಟ. ಕ್ರಿ.ಪೂ. 52ರಲ್ಲಿ ಅಲೇಸಿಯದ ಗುಡ್ಡ ಹತ್ತಿ ಕೂತ ಗಾಲ್ ನಾಯಕ ವರ್ಸಿಂಜೆಟರಿಕ್ಸ್‌ಗೆ ಆದದ್ದೂ ಇದೇ: ಸೀಸರ್ ಸುತ್ತ ಕಂದಕ ತೋಡಿಸಿ, ಒಳಗಿದ್ದವರನ್ನು ಹಸಿವಿಗೆ ಒಪ್ಪಿಸಿದ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆಯನ್ನು ನೋಡಿ ಬೆರಗಾಗುವ ನಾವು ಇದೇ ಸೀಮೆಯ ಅರಕೆರೆಯನ್ನು ಮರೆತಿದ್ದೇವೆ. ವೆಲ್ಲೆಸ್ಲಿ ಮರೆತಂತಿಲ್ಲ. 1810ರ ಕೊನೆಯಲ್ಲಿ ಪೋರ್ಚುಗಲ್‌ನಲ್ಲಿ ಮಸೇನಾನ ಫ್ರೆಂಚ್ ಸೇನೆಯನ್ನು ಅವನು ದೊಡ್ಡ ಕಾಳಗಕ್ಕೆ ಕರೆಯದೆ, ಕಾಳು ಸಿಗದ ನೆಲದಲ್ಲಿ ಚಳಿಗಾಲವಿಡೀ ಕಾಯಿಸಿದ. ಮರುವರ್ಷ ಮಾರ್ಚ್‌ನಲ್ಲಿ ಮಸೇನಾ ತಾನಾಗಿಯೇ ಹಿಂದೆ ಸರಿದ.